ಮೀನಿಲ್ಲದ ಮನೆಯಲ್ಲಿ ಮೀನಿನ ಬೋಗುಣಿ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ನಿವೃತ್ತಿಯಾದ ಮೇಲೂ ಎರಡು ಚಟ ಬಿಡುವುದಿಲ್ಲ. ಒಂದು, ನೋಟು ಎಣಿಸುವಾಗ ಬೆರಳನ್ನು ನಾಲಿಗೆಗೆ ತಾಗಿಸುವುದು. ಇನ್ನೊಂದು, ಕೂಡದ ಲೆಕ್ಕ ಕಂಡರೆ ನಿದ್ದೆ ಬಾರದಿರುವುದು. ಮೊದಲನೆಯದನ್ನು ನನ್ನ ಮೊಮ್ಮಗ ‘ಛೀ ತಾತ’ ಎಂದು ಹೇಳಿ ಹೇಳಿ ಬಿಡಿಸಿದ. ಎರಡನೆಯದನ್ನು ಬಿಡಿಸುವವರು ಇನ್ನೂ ಹುಟ್ಟಿಲ್ಲ. ಹುಟ್ಟದಿದ್ದದ್ದೂ ಒಳ್ಳೆಯದೇ ಆಯಿತು. ಆ ಚಟದಿಂದಾಗಿ ಕಳೆದ ವರ್ಷ ಒಂದು ರೋಬಾಟಿಗೆ ತಲೆ ಬಂತು. ಮಕ್ಕಳೇ, ಈ ವಾರ ಆ ಕಥೆ.

ಕಳೆದ ವರ್ಷ ಏಪ್ರಿಲ್‌ನಿಂದ ಆರು ತಿಂಗಳು ನಾನೂ ನನ್ನಾಕೆಯೂ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಮಗಳ ಮನೆಯಲ್ಲಿದ್ದೆವು. ಮಗಳು, ಅಳಿಯ ಕೆಲಸಕ್ಕೆ, ಮೊಮ್ಮಗ ಶಾಲೆಗೆ ಹೋದ ಮೇಲೆ ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ತುಮಕೂರಿನಲ್ಲಿ ಬೆಳಗ್ಗೆ ಹಾಲು ತರಲು ಹೊರಟರೆ ಹತ್ತು ಜನರ ಹತ್ತಿರ ಮಾತಾಡಿಕೊಂಡು ಬರುತ್ತಿದ್ದವನು ನಾನು. ಅಲ್ಲಿ ಅಳಿಲುಗಳನ್ನು ಎಣಿಸುತ್ತಾ ಕೂತೆ.

ಪಕ್ಕದ ಮನೆಯಲ್ಲಿ ಒಬ್ಬರೇ ಒಬ್ಬ ಹಿರಿಯರಿದ್ದರು. ನನಗಿಂತ ಐದು ವರ್ಷ ಚಿಕ್ಕವರು. ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಸಂಜೆ ಬೇಲಿಯ ಆಚೆ ಗಿಡಕ್ಕೆ ನೀರು ಹಾಕುತ್ತಿದ್ದರು. ನಾನು ನಮ್ಮೂರ ಅಭ್ಯಾಸದಂತೆ ದಿನವೂ ಕೇಳುತ್ತಿದ್ದೆ, ‘ಊಟ ಆಯಿತೇ?’ ಎಂದು, ನನಗೆ ಬಂದ ಇಂಗ್ಲಿಷಿನಲ್ಲಿ. ಮೂರು ದಿನ ‘ಆಯಿತು’ ಎಂದರು. ನಾಲ್ಕನೆಯ ದಿನ ಒಂದು ತಟ್ಟೆ ತುಂಬ ಬಿಸ್ಕತ್ತು ತಂದು ಬೇಲಿಯ ಮೇಲಿಂದ ಕೊಟ್ಟರು. ಪಾಪ, ಇವನು ಹಸಿದಿದ್ದಾನೆ, ಬಾಯಿಬಿಟ್ಟು ಕೇಳಲು ನಾಚಿಕೆ ಎಂದುಕೊಂಡಿದ್ದರಂತೆ! ನಮ್ಮಲ್ಲಿ ಅದು ‘ಚೆನ್ನಾಗಿದ್ದೀರಾ’ ಎಂದು ಕೇಳುವ ರೀತಿ ಎಂದು ತಿಳಿಸಿ ಹೇಳುವಷ್ಟರಲ್ಲಿ ನಾವು ಸ್ನೇಹಿತರಾಗಿದ್ದೆವು. ನಾನು ಬ್ಯಾಂಕಿನಲ್ಲಿದ್ದೆ ಎಂದು ತಿಳಿದ ಮೇಲೆ ನನ್ನನ್ನು ‘ಬ್ಯಾಂಕರ್’ ಎಂದೇ ಕರೆದರು. ‘ಬ್ಯಾಂಕರ್ ಅಲ್ಲ ಸ್ವಾಮಿ, ಬರೀ ಗುಮಾಸ್ತ’ ಎಂದರೂ ಬಿಡಲಿಲ್ಲ.

ಒಂದು ಶನಿವಾರ ಮೊಮ್ಮಗ ಅವರ ಕಾರಿನ ಷೆಡ್ಡಿನೊಳಗೆ ಇಣುಕಿ ಬಂದವನೇ, ‘ತಾತ, ಅಲ್ಲಿ ಒಬ್ಬರು ತಲೆ ಇಲ್ಲದವರು ನಿಂತಿದ್ದಾರೆ!’ ಎಂದ. ನನಗೂ ಎದೆ ಝಲ್ಲೆಂದಿತು. ಇಬ್ಬರೂ ಹೋದೆವು. ಹಿರಿಯರು ನಕ್ಕು ಹಳೆಯ ಹೊದಿಕೆಯನ್ನು ಎಳೆದರು.

ಕೆಳಗೆ ಯುದ್ಧದ ಟ್ಯಾಂಕಿನಂಥ ಪಟ್ಟಿಚಕ್ರಗಳು. ಅದರ ಮೇಲೆ ಮಡಿಕೆ ಮಡಿಕೆಯಾದ ಕಾಲು. ಮೇಲೆ ಬೂದುಬಣ್ಣದ ದುಂಡು ಪೀಪಾಯಿಯಂಥ ಎದೆ, ಅದರ ತುಂಬ ಗುಂಡಿಗಳು, ದೀಪಗಳು. ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಎರಡು ತೋಳು, ತುದಿಯಲ್ಲಿ ಏಡಿಯ ಕೊಂಡಿಯಂಥ ಕೆಂಪು ಕೈ. ಕುತ್ತಿಗೆಯವರೆಗೆ ಎಲ್ಲ ಇತ್ತು. ಕುತ್ತಿಗೆಯ ಮೇಲೆ ಏನೂ ಇರಲಿಲ್ಲ.

‘ಇವನು ಬಿ-9’ ಎಂದರು, ಮನೆಯವರನ್ನು ಪರಿಚಯಿಸುವಂತೆ.

ನನಗೆ ಅವನ ಗುರುತಿಲ್ಲ. ಇರುವುದಾದರೂ ಹೇಗೆ? ಆ ರೋಬಾಟ್ ಬಂದದ್ದು ‘ಲಾಸ್ಟ್ ಇನ್ ಸ್ಪೇಸ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯಲ್ಲಿ. 1965ರ ಸೆಪ್ಟೆಂಬರ್ 15ರಂದು ಶುರುವಾಗಿ 1968ರ ಮಾರ್ಚ್‌ವರೆಗೆ 83 ಕಂತು ನಡೆಯಿತು. ಆಗ ನನಗೆ ಹದಿನಾಲ್ಕು ವರ್ಷ. ನಮ್ಮೂರಿನಲ್ಲಿ ಟಿವಿ ಎಂಬುದನ್ನು ಚಿತ್ರದಲ್ಲಿ ನೋಡಿದವರೂ ಕಡಿಮೆ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಪಕ್ಕದ ಮನೆಯವರು ಆಗ ಒಂಬತ್ತು ವರ್ಷದ ಹುಡುಗ. ಬುಧವಾರ ಸಂಜೆ ಏಳೂವರೆಗೆ ಟಿವಿಯ ಮುಂದೆ ನೆಲದ ಮೇಲೆ ಬೋರಲು ಮಲಗಿ ನೋಡುತ್ತಿದ್ದರಂತೆ.

ಕಥೆ ಸರಳ. ರಾಬಿನ್‌ಸನ್ ಎಂಬ ಕುಟುಂಬ 1997ರಲ್ಲಿ ಆಕಾಶನೌಕೆ ಹತ್ತಿ ದೂರದ ನಕ್ಷತ್ರದತ್ತ ಹೊರಡುತ್ತದೆ. 1965ರಲ್ಲಿ ಕೂತವರಿಗೆ 1997 ಅಷ್ಟು ದೂರದ ಭವಿಷ್ಯ! ನೌಕೆಯನ್ನು ನಾಶಮಾಡಲು ಡಾಕ್ಟರ್ ಸ್ಮಿತ್ ಎಂಬ ಕಿಡಿಗೇಡಿ ರೋಬಾಟಿಗೆ ಗುಟ್ಟಾಗಿ ಆಜ್ಞೆ ತುಂಬಿಸಿರುತ್ತಾನೆ, ಕೊನೆಗೆ ತಾನೇ ನೌಕೆಯೊಳಗೆ ಸಿಕ್ಕಿಹಾಕಿಕೊಳ್ಳುತ್ತಾನೆ. ನೌಕೆ ದಾರಿ ತಪ್ಪುತ್ತದೆ. ಮೊದಮೊದಲು ಭಯ ಹುಟ್ಟಿಸುತ್ತಿದ್ದ ರೋಬಾಟ್ ಬರಬರುತ್ತಾ ಮನೆಯ ಸಣ್ಣ ಹುಡುಗ ವಿಲ್‌ನ ಗೆಳೆಯನಾಗುತ್ತದೆ. ಅಪಾಯ ಬಂದರೆ ತೋಳು ಬೀಸಿ ಬೀಸಿ ಎಚ್ಚರಿಸುತ್ತದೆ. ಅವನ ಪಕ್ಕೆಯಲ್ಲಿ ವಿದ್ಯುತ್ತಿನ ಒಂದು ಡಬ್ಬಿ ಇರುತ್ತದೆ, ಅದನ್ನು ಕಿತ್ತರೆ ಹಾಗೇ ಕುಸಿದು ಸುಮ್ಮನಾಗುತ್ತಾನೆ. ‘ಅದನ್ನು ಕಿತ್ತಾಗಲೆಲ್ಲ ನಾನು ಅಳುತ್ತಿದ್ದೆ’ ಎಂದರು ಹಿರಿಯರು.

ಮೊಮ್ಮಗ ಕೇಳಿದ, ‘ಅದು ನಿಜವಾದ ರೋಬಾಟಾ?’

ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಕೇಳಿ ನನಗೆ ನಮ್ಮ ದಸರಾ ನೆನಪಾಯಿತು. ಟಿವಿಯಲ್ಲಿ ಓಡಾಡಿದ ರೋಬಾಟಿನ ಒಳಗೆ ಒಬ್ಬ ಮನುಷ್ಯ ಇದ್ದ! ಬಾಬ್ ಮೇ ಎಂಬ ನಟ. ಕುತ್ತಿಗೆಯ ಸುತ್ತ ನಿಲ್ಲಿಸಿದ ಪಾರದರ್ಶಕ ಪಟ್ಟಿಗಳ ಸಂದಿನಿಂದ ಹೊರಗೆ ನೋಡುತ್ತಿದ್ದ. ಪೂರ್ತಿ ಕಾಲು ಕಾಣುವ ದೃಶ್ಯವಾದರೆ ಇಡೀ ಗೊಂಬೆಯನ್ನು ತಂತಿ ಕಟ್ಟಿ ಎಳೆಯುತ್ತಿದ್ದರು. ನಡೆದಾಡುವ ದೃಶ್ಯವಾದರೆ ಮೊಣಕಾಲಿನ ಕೆಳಗೆ ಕತ್ತರಿಸಿದ ಇನ್ನೊಂದು ವೇಷ. ಅದನ್ನು ತೊಟ್ಟು ಬಾಬ್ ಮೇ ತನ್ನದೇ ಕಾಲಲ್ಲಿ ನಡೆಯುತ್ತಿದ್ದ, ಕ್ಯಾಮೆರಾ ಮೇಲಿನ ಭಾಗವನ್ನು ಮಾತ್ರ ತೋರಿಸುತ್ತಿತ್ತು.

‘ಅಯ್ಯೋ, ಇದು ನಮ್ಮ ಗಾರುಡಿ ಗೊಂಬೆ!’ ಎಂದೆ. ಬಿದಿರಿನ ತಟ್ಟಿಯ ಎತ್ತರದ ಗೊಂಬೆ, ಒಳಗೆ ಹೊಕ್ಕ ಮನುಷ್ಯ, ಸಣ್ಣ ಕಿಂಡಿಯಿಂದ ದಾರಿ ನೋಡಿಕೊಂಡು ತಮಟೆಯ ಗತ್ತಿಗೆ ಕುಣಿಯುವುದು. ಮೈಸೂರಿನ ಮೆರವಣಿಗೆಯಲ್ಲಿ ನೀವೂ ನೋಡಿರುತ್ತೀರಿ. ಕೆಲವು ಕಡೆ ತಟ್ಟಿರಾಯ ಎನ್ನುತ್ತಾರೆ. ಫೋನಿನಲ್ಲಿ ಚಿತ್ರ ತೋರಿಸಿದೆ. ಹಿರಿಯರು ಬಹಳ ಹೊತ್ತು ನೋಡಿ, ‘ಒಳಗಿರುವವನಿಗೆ ಚಪ್ಪಾಳೆ ತಟ್ಟುವವರು ಯಾರು?’ ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಕೌಂಟರಿನ ಹಿಂದೆ ಕೂತು ಜೀವನ ಕಳೆದವನಿಗೆ ಆ ಪ್ರಶ್ನೆ ಸ್ವಲ್ಪ ನಾಟಿತು.

ಇನ್ನೊಂದು ಸ್ವಾರಸ್ಯ ಕೇಳಿ. ಬಾಬ್ ಮೇ ಒಳಗಿನಿಂದ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿ ಹೇಳುತ್ತಿದ್ದ. ಮಾತಿನ ಲಯಕ್ಕೆ ತಕ್ಕಂತೆ ಕೊಂಡಿ ಕೈಯೊಳಗಿದ್ದ ಒಂದು ಗುಂಡಿಯನ್ನು ಒತ್ತುತ್ತಿದ್ದ, ಎದೆಯ ದೀಪ ಮಿನುಗುತ್ತಿತ್ತು. ಆದರೆ ಟಿವಿಯಲ್ಲಿ ಕೇಳಿದ್ದು ಅವನ ದನಿಯಲ್ಲ. ಡಿಕ್ ಟ್ಯುಫೆಲ್ಡ್ ಎಂಬ ಉದ್ಘೋಷಕರ ದನಿಯನ್ನು ಆಮೇಲೆ ಸೇರಿಸುತ್ತಿದ್ದರು. ಮೈ ಒಬ್ಬರದು, ದನಿ ಇನ್ನೊಬ್ಬರದು. ಇಬ್ಬರ ಮುಖವೂ ರೋಬಾಟಿನ ಹಿಂದೆ ಮರೆ.

ರೂಪ ಕೊಟ್ಟವರು ಮೂರನೆಯವರು, ರಾಬರ್ಟ್ ಕಿನೊಶಿಟ. ಹುಟ್ಟಿದ್ದು ಲಾಸ್ ಏಂಜಲಿಸ್‌ನಲ್ಲಿ, 1914ರಲ್ಲಿ. ಓದಿದ್ದು ವಾಸ್ತುಶಿಲ್ಪ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಮೂಲದವರು ಎಂಬ ಒಂದೇ ಕಾರಣಕ್ಕೆ ಸಾವಿರಾರು ಕುಟುಂಬಗಳನ್ನು ಅಮೆರಿಕ ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತು. ಕಿನೊಶಿಟ ಮತ್ತು ಅವರ ಹೆಂಡತಿಯನ್ನು ಅರಿಜೋನಾದ ಮರುಭೂಮಿಯ ಶಿಬಿರದಲ್ಲಿಟ್ಟರು. ಅಲ್ಲಿಂದ ಬಿಡುಗಡೆಯಾಗಿ ವಿಸ್ಕಾನ್ಸಿನ್‌ಗೆ ಹೋದ ಅವರು ಪ್ಲಾಸ್ಟಿಕ್ಕಿನ ಕೆಲಸ ಕಲಿತರು. ಆ ವಿದ್ಯೆಯೇ ಮುಂದೆ ಎರಡು ಪ್ರಸಿದ್ಧ ರೋಬಾಟುಗಳಾಯಿತು. ಮೊದಲನೆಯದು 1956ರ ‘ಫರ್ಬಿಡನ್ ಪ್ಲಾನೆಟ್’ ಸಿನಿಮಾದ ರಾಬಿ. ಎರಡನೆಯದು ನಮ್ಮ ಬಿ-9. ಆ ರಾಬಿಯ ಮೂಲ ವೇಷ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 53 ಲಕ್ಷ 75 ಸಾವಿರ ಡಾಲರಿಗೆ ಹೋಯಿತು. ಕಿನೊಶಿಟ ನೂರು ವರ್ಷ ಬಾಳಿ 2014ರ ಕೊನೆಯಲ್ಲಿ ತೀರಿಕೊಂಡರು. ಬೇಲಿ ಹಾಕಿ ಕೂಡಿಹಾಕಿದ ದೇಶದ ಮಕ್ಕಳಿಗೇ ಆ ಮನುಷ್ಯ ಗೆಳೆಯನನ್ನು ಮಾಡಿಕೊಟ್ಟರಲ್ಲ, ಇದನ್ನು ಯಾವ ಖಾತೆಗೆ ಬರೆಯೋಣ?

ಬಿ-9ನ ಪ್ರತಿಕೃತಿಯನ್ನು ಅಳತೆಗೆ ಅಳತೆ ಮನೆಯಲ್ಲೇ ಕಟ್ಟುವವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೂಲದ ಅಳತೆಗಳನ್ನು ಹಂಚಿಕೊಳ್ಳುತ್ತಾರೆ. ಒಬ್ಬರು ಕಾಲು ಚೆನ್ನಾಗಿ ಅಚ್ಚು ಹಾಕಿದರೆ, ಇನ್ನೊಬ್ಬರು ಕೊಂಡಿ. ಒಬ್ಬರಿಂದೊಬ್ಬರು ಕೊಂಡು, ಕೊಟ್ಟು ವರ್ಷಗಟ್ಟಲೆ ಕಟ್ಟುತ್ತಾರೆ. ಒಳಗೆ ಮನುಷ್ಯ ಇರುವುದಿಲ್ಲ. ಅವನ ಕೆಲಸವನ್ನೆಲ್ಲ ಮೋಟಾರು, ತಂತಿಗಳೇ ಮಾಡಬೇಕು.

ನಮ್ಮ ಹಿರಿಯರು ಹದಿನಾಲ್ಕು ವರ್ಷದ ಹಿಂದೆ ಶುರುಮಾಡಿದವರು ಆರು ವರ್ಷದಿಂದ ಕೈ ಹಾಕಿರಲಿಲ್ಲ. ಹೆಂಡತಿ ಹೋದ ಮೇಲೆ ಹೊದಿಕೆ ಹೊದಿಸಿಬಿಟ್ಟಿದ್ದರು. ಈಚೆಗೆ ಕೈಯೂ ನಡುಗುತ್ತದೆ. ಚಳಿಗಾಲಕ್ಕೆ ಮುಂಚೆ ಈ ಮನೆ ಮಾರಿ ಮಗಳ ಮನೆಯ ಹತ್ತಿರ ಸಣ್ಣ ಮನೆಗೆ ಹೋಗುವವರಿದ್ದರು. ರೋಬಾಟನ್ನು ಹಾಗೇ, ತಲೆ ಇಲ್ಲದೆ, ಯಾರಿಗಾದರೂ ಮಾರಿಬಿಡುವುದೆಂದು ತೀರ್ಮಾನ.

‘ಬ್ಯಾಂಕರ್, ಒಂದು ಉಪಕಾರ ಮಾಡು. ಇದಕ್ಕೆ ಎಷ್ಟು ಖರ್ಚಾಗಿದೆ ಎಂದು ಕೂಡಿ ಹೇಳು, ಬೆಲೆ ಹೇಳಲು ಬೇಕು’ ಎಂದು ಮೂರು ಚಪ್ಪಲಿ ಡಬ್ಬಿ ತುಂಬ ರಸೀತಿಗಳನ್ನೂ ಒಂದು ನೀಲಿ ನೋಟ್‌ಬುಕ್ಕನ್ನೂ ತಂದಿಟ್ಟರು. ನೋಟ್‌ಬುಕ್ಕು ಹೆಂಡತಿಯ ಕೈಬರಹದ್ದು. ಮನೆಯ ಲೆಕ್ಕ ಬರೆಯುತ್ತಿದ್ದವರು ಅವರೇ. ‘ಅವಳು ಹೋದ ಮೇಲೆ ನಾನು ಅದನ್ನು ತೆರೆದಿಲ್ಲ’ ಎಂದರು.

ನನಗೆ ಹಬ್ಬ! ನನ್ನಾಕೆ, ‘ಏನೂಂದ್ರೆ, ಅಮೆರಿಕಕ್ಕೆ ಬಂದೂ ಲೆಡ್ಜರೇ?’ ಎಂದು ನಕ್ಕಳು. ಊಟದ ಮೇಜಿನ ಮೇಲೆ ರಸೀತಿಗಳನ್ನು ತಾರೀಖಿನಂತೆ ಜೋಡಿಸಿ ಎರಡು ದಿನ ಕೂತೆ. ಆ ಹೆಂಗಸು ಎಂಥ ಅಚ್ಚುಕಟ್ಟು! ಒಂದೊಂದು ಮೊಳೆಗೂ ಲೆಕ್ಕ. ತಿಂಗಳ ಕೊನೆಗೆ ಬ್ಯಾಂಕಿನಿಂದ ತೆಗೆದದ್ದೆಷ್ಟು, ಖರ್ಚಾದದ್ದೆಷ್ಟು ಎಂದು ಕೂಡಿ ಅಡಿಗೆರೆ ಎಳೆದಿದ್ದರು. ನಮ್ಮ ಶಾಖೆಯಲ್ಲಿ ಇಂಥವರೊಬ್ಬರಿದ್ದಿದ್ದರೆ ನಾವು ಅರ್ಧವಾರ್ಷಿಕ ಲೆಕ್ಕದ ರಾತ್ರಿ ಹನ್ನೊಂದರವರೆಗೆ ಕೂರುವುದು ತಪ್ಪುತ್ತಿತ್ತು.

ಆದರೆ ಕೊನೆಯ ತಿಂಗಳು ಕೂಡಲಿಲ್ಲ. ರಸೀತಿಗಳ ಮೊತ್ತಕ್ಕೂ ನೋಟ್‌ಬುಕ್ಕಿನ ಮೊತ್ತಕ್ಕೂ 340 ಡಾಲರ್ ವ್ಯತ್ಯಾಸ.

ಮಕ್ಕಳೇ, ಇಲ್ಲಿ ನಿಮಗೊಂದು ಗುಮಾಸ್ತರ ಗುಟ್ಟು ಹೇಳಿಕೊಡುತ್ತೇನೆ. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಮೊದಲು ಅದನ್ನು ಒಂಬತ್ತರಿಂದ ಭಾಗಿಸಿ ನೋಡಬೇಕು. ಶೇಷವಿಲ್ಲದೆ ಹೋದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು. 54 ಬರೆಯುವ ಕಡೆ 45 ಬರೆದರೆ ವ್ಯತ್ಯಾಸ 9. 82ರ ಬದಲು 28 ಬರೆದರೆ 54. ಯಾವ ಎರಡು ಅಂಕಿಯನ್ನು ಅದಲುಬದಲು ಮಾಡಿದರೂ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ, ಬೇಕಾದರೆ ಮಾಡಿ ನೋಡಿ. ಅದೂ ಅಲ್ಲದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತ ಎಲ್ಲಾದರೂ ಇದೆಯೇ ಹುಡುಕಬೇಕು. ಜಮೆಯ ಕಡೆ ಬರೆಯುವುದನ್ನು ಖರ್ಚಿನ ಕಡೆ ಬರೆದಿದ್ದರೆ ವ್ಯತ್ಯಾಸ ಎರಡು ಪಟ್ಟಾಗಿರುತ್ತದೆ.

340 ಒಂಬತ್ತರಲ್ಲಿ ಹೋಗುವುದಿಲ್ಲ. ಅರ್ಧ ಮಾಡಿದರೆ 170, ಆ ಮೊತ್ತ ಎಲ್ಲೂ ಇಲ್ಲ. ಅಂದರೆ ಬರೆಯುವಾಗಿನ ತಪ್ಪಲ್ಲ. ಒಂದು ರಸೀತಿಯೇ ಇಲ್ಲ. ಆ ರಾತ್ರಿ ನನಗೆ ನಿದ್ದೆಯೂ ಇಲ್ಲ.

ಬೆಳಗ್ಗೆ ಎದ್ದು ನೋಟ್‌ಬುಕ್ಕನ್ನು ಹಿಂದಿನಿಂದ ತಿರುವಿದೆ. ಹಿಂಬದಿಯಲ್ಲಿ ದಿನಸಿಯ ಲೆಕ್ಕವಿತ್ತು. ಹಾಲು, ಬ್ರೆಡ್ಡು, ಸೋಪಿನ ಪುಡಿ. ಅವುಗಳ ಮಧ್ಯೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಮೀನಿನ ಬೋಗುಣಿ, 340.’ ಮೀನು ಸಾಕುವ ಗಾಜಿನ ಬೋಗುಣಿ, ಮುನ್ನೂರ ನಲವತ್ತು ಡಾಲರ್! ರೂಪಾಯಿಗೆ ಗುಣಿಸಿ ನನ್ನ ತಲೆ ತಿರುಗಿತು. ಅಷ್ಟು ಬೆಲೆಗೆ ಕೆರೆಯನ್ನೇ ಗುತ್ತಿಗೆ ಹಿಡಿಯಬಹುದಲ್ಲ ಎನಿಸಿತು.

ಬೇಲಿಯ ಹತ್ತಿರ ಹೋಗಿ ಕೇಳಿದೆ, ‘ನಿಮ್ಮ ಮನೆಯಲ್ಲಿ ಮೀನು ಸಾಕಿದ್ದಿರಾ?’

‘ಇಲ್ಲವಲ್ಲ. ಯಾವತ್ತೂ ಇಲ್ಲ.’

‘ಹಾಗಾದರೆ ಮೀನಿನ ಬೋಗುಣಿ ಯಾಕೆ ಕೊಂಡಿರಿ?’

ಅವರ ಕೈಯಲ್ಲಿದ್ದ ನೀರಿನ ಕೊಳವೆ ಹಾಗೇ ಹೂವಿನ ಮಡಿಯನ್ನು ಬಿಟ್ಟು ಅವರ ಬೂಟಿನ ಮೇಲೆ ಹರಿಯಿತು. ಬಹಳ ಹೊತ್ತಾದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು. ‘ರೋಬಾಟಿನ ತಲೆಯ ಬುರುಡೆಯನ್ನು ಅವಳು ಮೀನಿನ ಬೋಗುಣಿ ಎಂದು ಗೇಲಿ ಮಾಡುತ್ತಿದ್ದಳು.’

ಬಿ-9ನ ತಲೆ ಒಂದು ಪಾರದರ್ಶಕ ಬುರುಡೆ, ಒಳಗೆ ದೀಪಗಳು. ಇಡೀ ರೋಬಾಟಿನಲ್ಲಿ ಮಾಡಲು ಕಷ್ಟವಾದದ್ದು ಅದೇ. ಪ್ಲಾಸ್ಟಿಕ್ಕನ್ನು ಹದವಾಗಿ ಕಾಯಿಸಿ, ಗಾಳಿ ಊದಿ ಉಬ್ಬಿಸಬೇಕು. ಶಾಖ ಹೆಚ್ಚಾದರೆ ಮೈಯೆಲ್ಲ ಗುಳ್ಳೆ, ಕಡಿಮೆಯಾದರೆ ಬಿರುಕು. ಬೇರೆಯವರಿಂದ ಕೊಳ್ಳಲು ದುಬಾರಿ ಎಂದು ಅವರು ತಾವೇ ಮಾಡಹೋಗಿ ಮೂರು ಸಲ ಕೆಡಿಸಿದ್ದರು. ಹೆಂಡತಿ ಗಂಡನಿಗೆ ಹೇಳದೆ ಅದನ್ನು ಕೊಂಡಿದ್ದಾರೆ, ಹಾಲು ಬ್ರೆಡ್ಡಿನ ನಡುವೆ ಬಚ್ಚಿಟ್ಟು ಬರೆದಿದ್ದಾರೆ!

ಆದರೆ ಕೊಂಡದ್ದು ಎಲ್ಲಿ? ಯಾರಿಂದ?

ಇದು ಗುಮಾಸ್ತನ ಕೆಲಸ. ‘ಹಳೆಯ ಚೆಕ್ ಪುಸ್ತಕಗಳಿವೆಯೇ?’ ಎಂದೆ. ಡ್ರಾಯರಿನ ತಳದಲ್ಲಿ ಸಿಕ್ಕಿತು. ರಸೀತಿ ಕಳೆಯಬಹುದು, ಮನುಷ್ಯ ಮರೆಯಬಹುದು, ಆದರೆ ಚೆಕ್ಕಿನ ಅಡಿಪಟ್ಟಿ ಸುಳ್ಳು ಹೇಳುವುದಿಲ್ಲ. ಅದೇ ತಾರೀಖು, ಅದೇ 340, ಪಕ್ಕದಲ್ಲಿ ಒಂದು ಹೆಸರು, ಒಂದು ಫೋನ್ ನಂಬರು.

ಹಿರಿಯರ ಕೈ ನಡುಗುತ್ತಿದ್ದುದರಿಂದ ನಂಬರು ಒತ್ತಿದವನು ನನ್ನ ಮೊಮ್ಮಗ. ಆ ಕಡೆಯವರೂ ಒಬ್ಬ ವಯಸ್ಸಾದವರು, ಬೇರೆ ರಾಜ್ಯದವರು, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಇಂಥ ಬುರುಡೆ ಮಾಡಿಕೊಡುವವರು. ಹೆಸರು ಕೇಳಿದ ಕೂಡಲೇ, ‘ಅದು ನನ್ನ ಅಟ್ಟದ ಮೇಲಿದೆ. ನಿಮ್ಮ ಹೆಂಡತಿ, ಅವರು ನಿವೃತ್ತರಾಗುವ ದಿನಕ್ಕೆ ಬೇಕು, ನಾನು ಹೇಳುವವರೆಗೆ ಕಳಿಸಬೇಡಿ ಎಂದಿದ್ದರು. ಇನ್ನೂ ಹೇಳಿಲ್ಲವಲ್ಲ, ಅದಕ್ಕೇ ಕಾಯುತ್ತಿದ್ದೇನೆ’ ಎಂದರು.

ಆರು ವರ್ಷ ಕಾದಿದ್ದರು. ಹಣ ಪಡೆದ ವಸ್ತುವನ್ನು ಇನ್ನೊಬ್ಬರಿಗೆ ಮಾರದೆ. ಹಿರಿಯರು ವಿಷಯ ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಾಳೆಯೇ ಕಳಿಸುತ್ತೇನೆ’ ಎಂದರು.

ರೋಬಾಟನ್ನು ಮಾರುವ ಮಾತು ಅಂದಿಗೆ ನಿಂತಿತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಕಾರ್ಖಾನೆ. ನಡುಗುವ ಎರಡು ಕೈ, ಬಿ.ಕಾಂ. ಓದಿದ ಎರಡು ಕೈ, ಹತ್ತು ವರ್ಷದ ಎರಡು ಸಣ್ಣ ಕೈ. ಒಂದು ಮಾತು ಹೇಳಬೇಕು. ಹುಡುಗನಾಗಿದ್ದಾಗ ನನಗೆ ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚು. ಇಂಜಿನಿಯರಿಂಗ್ ಓದುವ ಆಸೆ ಇತ್ತು. ಮನೆಯ ಸ್ಥಿತಿಗೆ ಬೇಗ ಕೆಲಸ ಸಿಗುವ ಓದು ಬೇಕಿತ್ತು, ಬಿ.ಕಾಂ. ಸೇರಿದೆ. ಅದಕ್ಕೆ ದುಃಖವಿಲ್ಲ, ಆ ಸಂಬಳದಲ್ಲೇ ಇಬ್ಬರು ತಂಗಿಯರ ಮದುವೆ ಆಯಿತು. ಆದರೂ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಮೊದಲ ಸಲ ಬೆಸುಗೆ ಕಡ್ಡಿ ಹಿಡಿದು, ಸೀಸ ಕರಗಿ ತಂತಿಗೆ ಮಿರಮಿರನೆ ಅಂಟಿದ್ದನ್ನು ಕಂಡಾಗ ನನಗಾದ ಸಂತೋಷವನ್ನು ಯಾವ ಬಡ್ತಿಯೂ ಕೊಟ್ಟಿರಲಿಲ್ಲ.

ಹಿರಿಯರು ಹೇಳಿಕೊಟ್ಟ ಒಂದೆರಡು ಉಪಾಯ ಕೇಳಿ. ಎದೆಯ ಭಾಗ ಎಡಕ್ಕೂ ಬಲಕ್ಕೂ ತಿರುಗಬೇಕಲ್ಲ? ಚೈನೀಸ್ ಹೋಟೆಲಿನ ಮೇಜಿನ ಮಧ್ಯೆ ಸಾರು, ಪಲ್ಯ ಇಟ್ಟು ತಿರುಗಿಸುವ ತಟ್ಟೆ ನೋಡಿದ್ದೀರಲ್ಲ, ಅದರ ಕೆಳಗಿರುವ ಗುಂಡುಗಳ ಬಳೆಯನ್ನೇ ಸೊಂಟಕ್ಕೆ ಕೂರಿಸಿದ್ದರು. ತಿರುಗಿಸಲು ಕಾರಿನ ಗಾಜು ಒರೆಸುವ ವೈಪರಿನ ಹಳೆಯ ಮೋಟಾರು. ವೈಪರು ಯಾಕೆ? ಅದರೊಳಗಿನ ಹಲ್ಲುಚಕ್ರ ಮೋಟಾರಿನ ವೇಗವನ್ನು ಕಡಿಮೆ ಮಾಡಿ ಬಲವನ್ನು ಹೆಚ್ಚು ಮಾಡುತ್ತದೆ. ಸೈಕಲ್ಲಿನ ಗೇರು ಬದಲಿಸಿ ದಿಬ್ಬ ಹತ್ತುವ ಹಾಗೆ. ರೋಬಾಟ್ ಗಿರಗಿರ ತಿರುಗಬಾರದು, ಗಂಭೀರವಾಗಿ ತಿರುಗಬೇಕು. ಇನ್ನು ಬಾಬ್ ಮೇ ಕೈಯೊಳಗಿನ ಗುಂಡಿಯ ಕೆಲಸ? ಅದಕ್ಕೊಂದು ಬೆಂಕಿಪೊಟ್ಟಣದಷ್ಟು ವಿದ್ಯುತ್ ಹಲಗೆ. ಸ್ಪೀಕರಿಗೆ ಹೋಗುವ ದನಿ ಜೋರಾದಾಗ ಎದೆಯ ದೀಪ ಹೊತ್ತುತ್ತದೆ, ನಿಂತಾಗ ಆರುತ್ತದೆ. ಮಾತಿಗೂ ಬೆಳಕಿಗೂ ತಾಳ ತಾನಾಗಿ ಕೂಡುತ್ತದೆ.

ನನ್ನಿಂದ ಒಂದು ಅನಾಹುತವೂ ಆಯಿತು. ಬ್ಯಾಟರಿಯಿಂದ ಕೆಂಪು, ಕಪ್ಪು ಎರಡು ತಂತಿ. ಕೆಂಪು ಯಾವುದು, ಕಪ್ಪು ಯಾವುದು ಎಂದು ಯೋಚಿಸುವುದೇನಿದೆ? ಬ್ಯಾಂಕಿನಲ್ಲಿ ಕೆಂಪು ಶಾಯಿ ಎಂದರೆ ಸಾಲ, ಅಂದರೆ ಮೈನಸ್. ಧೈರ್ಯವಾಗಿ ಕೆಂಪನ್ನು ಮೈನಸ್ಸಿಗೆ ಸೇರಿಸಿದೆ. ಟಪ್! ಒಂದು ಕಿಡಿ, ಸುಟ್ಟ ವಾಸನೆ, ಕತ್ತಲೆ. ವಿದ್ಯುತ್ತಿನವರ ಲೋಕದಲ್ಲಿ ಕೆಂಪು ಎಂದರೆ ಪ್ಲಸ್ ಅಂತೆ! ಪುಣ್ಯಕ್ಕೆ ಫ್ಯೂಸು ತಾನು ಸುಟ್ಟುಕೊಂಡು ಉಳಿದದ್ದನ್ನೆಲ್ಲ ಕಾಪಾಡಿತು. ಮೊಮ್ಮಗ ಬಿದ್ದು ಬಿದ್ದು ನಕ್ಕ. ಹಿರಿಯರು ಫ್ಯೂಸು ಬದಲಿಸುತ್ತಾ, ‘ಬ್ಯಾಂಕರ್, ಮೂವತ್ತೇಳು ವರ್ಷ ಆ ಬ್ಯಾಂಕು ಹೇಗೆ ಉಳಿಯಿತು?’ ಎಂದರು. ಆರು ವರ್ಷದಲ್ಲಿ ಅವರು ಆ ಷೆಡ್ಡಿನಲ್ಲಿ ನಕ್ಕದ್ದು ಅದೇ ಮೊದಲಂತೆ.

ಬುರುಡೆ ಬಂತು. ಹಳೆಯ ಪತ್ರಿಕೆಗಳಲ್ಲಿ ಸುತ್ತಿ, ಹತ್ತಿ ಒತ್ತಿ ಕಳಿಸಿದ್ದರು. ಒಂದು ಗೀರೂ ಇರಲಿಲ್ಲ. ಕೂರಿಸುವ ಮುಂಚೆ ಹಿರಿಯರು ಅದನ್ನು ಎರಡು ಕೈಯಲ್ಲಿ ಹಿಡಿದು ಅಡುಗೆಮನೆಗೆ ಹೋದರು. ಒಬ್ಬರೇ ಸ್ವಲ್ಪ ಹೊತ್ತು ಇದ್ದು ಬಂದರು. ನಾವು ಏನೂ ಕೇಳಲಿಲ್ಲ.

ಇನ್ನು ದನಿ. ಧಾರಾವಾಹಿಯ ಮಾತುಗಳ ಜೊತೆಗೆ, ಈ ರೋಬಾಟಿಗೆ ತನ್ನದೇ ಆದ ಒಂದು ಮಾತು ಬೇಕು ಎಂದರು. ‘ನೀನು ಸಂಜೆ ಕೇಳುತ್ತಿದ್ದೆಯಲ್ಲ, ಅದನ್ನು ಕೇಳಲಿ. ನಿನ್ನ ಭಾಷೆಯಲ್ಲೇ ಹೇಳು.’ ಮೊಮ್ಮಗ ಫೋನು ಹಿಡಿದ. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ. ನಾಲ್ಕು ಸಲ ಹೇಳಿಸಿದ. ‘ತಾತ, ನೀನು ಕ್ಯಾಷಿಯರ್ ಥರ ಹೇಳ್ತಿದ್ದೀಯ, ಪ್ರೀತಿಯಿಂದ ಹೇಳು’ ಎಂದ.

ಅಕ್ಟೋಬರಿನಲ್ಲಿ ನಾವು ಹೊರಡುವ ಹಿಂದಿನ ಸಂಜೆ ಪಕ್ಕೆಗೆ ವಿದ್ಯುತ್ ಡಬ್ಬಿಯನ್ನು ಸಿಕ್ಕಿಸುವ ಕೆಲಸ ಉಳಿದಿತ್ತು. ಹಿರಿಯರು ಅದನ್ನು ಮೊಮ್ಮಗನ ಕೈಗೆ ಕೊಟ್ಟರು. ‘ಟಿವಿಯಲ್ಲಿ ಇದನ್ನು ಕಿತ್ತಾಗ ಒಬ್ಬ ಹುಡುಗ ಅಳುತ್ತಿದ್ದ. ನೀನು ಹಾಕು’ ಎಂದರು. ಹಾಕಿದ. ಒಂದು ಕ್ಷಣ ಏನೂ ಆಗಲಿಲ್ಲ. ನನ್ನ ಬೆಸುಗೆಯೇ ಕೈಕೊಟ್ಟಿತೇನೋ ಎಂದು ನಾನು ಬೆವೆತೆ. ಆಮೇಲೆ ಬುರುಡೆಯೊಳಗೆ ಒಂದೊಂದೇ ದೀಪ ಹೊತ್ತಿತು. ರಡಾರ್ ಕಿವಿ ಅತ್ತಿತ್ತ ಆಡಿತು. ಎದೆ ನಿಧಾನವಾಗಿ ನಮ್ಮ ಕಡೆ ತಿರುಗಿತು. ಕೆಂಪು ಕೈ ಮುಂದೆ ಚಾಚಿತು. ಎದೆಯ ದೀಪ ಮಿನುಗಿತು. ನನ್ನದೇ ದನಿ, ಆದರೆ ಬಾವಿಯೊಳಗಿನಿಂದ ಬಂದಂತೆ, ಕೇಳಿತು:

‘ಊಟ ಆಯ್ತಾ?’

ನನ್ನಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಕಣ್ಣೂ ಒರೆಸಿಕೊಂಡಳು. ಹಿರಿಯರು ಮಾತ್ರ ರೋಬಾಟಿನ ಕಡೆ ನೋಡುತ್ತಾ, ನಾವು ಕಲಿಸಿದ್ದ ಒಂದೇ ಒಂದು ಕನ್ನಡ ಪದವನ್ನು ಹೇಳಿದರು. ‘ಆಯ್ತು.’

ಅಂದು ರಾತ್ರಿ ನೀಲಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ 340ನ್ನು ಸರಿಯಾದ ಖಾತೆಗೆ ಬರೆದು, ಮೊತ್ತ ಕೂಡಿಸಿ, ಅಡಿಗೆರೆ ಎಳೆದು ಹಿಂದಿರುಗಿಸಿದೆ. ಲೆಕ್ಕ ಪೈಸೆಗೆ ಪೈಸೆ ಕೂಡಿತ್ತು.

ಚಳಿಗಾಲಕ್ಕೆ ಮುಂಚೆ ಅವರು ಹೊಸ ಮನೆಗೆ ಹೋದರು, ರೋಬಾಟೂ ಜೊತೆಗೆ ಹೋಯಿತು. ಮೊಮ್ಮಗ ಆಗಾಗ ಹೋಗಿ ನೋಡಿ ಬರುತ್ತಾನೆ. ಕಳೆದ ಭಾನುವಾರ ಹಿರಿಯರು ಫೋನಿನಲ್ಲಿ ಸಿಕ್ಕಿದ್ದರು. ರೋಬಾಟ್ ದಿನವೂ ಸಂಜೆ ಏಳೂವರೆಗೆ ಕೇಳುವ ಹಾಗೆ ಗಡಿಯಾರ ಜೋಡಿಸಿದ್ದಾರಂತೆ.

‘ಮೊನ್ನೆ ಒಂದು ಸಂಜೆ ಬೇಸರದಲ್ಲಿ ಏನೂ ಮಾಡಿಕೊಳ್ಳದೆ ಕೂತಿದ್ದೆ ಬ್ಯಾಂಕರ್. ಇವನು ಕೇಳಿಬಿಟ್ಟ. ಆಯ್ತು ಎಂದು ಸುಳ್ಳು ಹೇಳಲು ಆಗಲಿಲ್ಲ. ಎದ್ದು ಹೋಗಿ ಎರಡು ಮೊಟ್ಟೆ ಬೇಯಿಸಿಕೊಂಡು ತಿಂದೆ’ ಎಂದರು.